ಮರುಳಪ್ಪನವರ ಒರಿಜಿನಲ್ ಕಾಯಿಲ್

ನ್ಯಾಮತಿಯ ಮರುಳಪ್ಪನವರಿಗೆ ಎರಡು ವಿಷಯಗಳಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ತಮ್ಮ ಮನೆಯ ಚೊಗರಿನಂಥ ಚೊಗರು ಜಿಲ್ಲೆಯಲ್ಲಿಲ್ಲ, ತಮ್ಮ ಎಜ್ಡಿಯಂಥ ಬೈಕು ರಾಜ್ಯದಲ್ಲಿಲ್ಲ. ತಾವು ತಪ್ಪು ಮಾಡಿದ ಉದಾಹರಣೆ ಭೂಮಿಯ ಮೇಲೇ ಇಲ್ಲ ಎಂಬ ಮೂರನೆಯ ವಿಷಯವನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದನ್ನು ಅವರ ಹೆಂಡತಿ ನಿರ್ಮಲಮ್ಮ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಹೇಳುತ್ತಿದ್ದರು.

ಚೊಗರೆಂದರೆ ಅಡಿಕೆ ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಕುದಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ಬಣ್ಣದ ಗಟ್ಟಿ ರಸ. ಬೇಯಿಸಿದ ಅಡಿಕೆಗೆ ಬಣ್ಣ ಕೊಡುವುದು ಅದರ ಕೆಲಸ. ಮರುಳಪ್ಪನವರು ಅದಕ್ಕೆ ಇನ್ನೂ ಹತ್ತು ಕೆಲಸ ಹಚ್ಚಿದ್ದರು. ಬಾಗಿಲಿಗೆ ಬಳಿದಿದ್ದರು, ಕಿಟಕಿಗೆ ಬಳಿದಿದ್ದರು, ಊಟದ ಮಣೆಗೆ ಬಳಿದಿದ್ದರು. ಮೊಮ್ಮಗಳ ತೊಟ್ಟಿಲಿಗೂ ಬಳಿಯಲು ಹೋಗಿ ಸೊಸೆ ಶಾಂತಲಾಳ ಕೈಗೆ ಸಿಕ್ಕಿಬಿದ್ದಿದ್ದರು. "ಐವತ್ತು ವರ್ಷದ ಬಾಗ್ಲು ಇದು, ಒಂದು ಗೆದ್ಲು ಮುಟ್ಟಿಲ್ಲ" ಎನ್ನುವುದು ಅವರ ವಾದ. ಗೆದ್ದಲು ಮುಟ್ಟದಿದ್ದುದು ಚೊಗರಿನ ಗುಣವೋ ಸಾಗುವಾನಿಯ ಗುಣವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನು ಎಜ್ಡಿ. ಎಂಬತ್ತೊಂದನೇ ಇಸವಿಯ ಗಾಡಿ. ಕಿಕ್ ಹೊಡೆಯುವ ಲಿವರೇ ಗೇರು ಹಾಕುವ ಲಿವರೂ ಆಗಿದ್ದ ಕಾಲದ್ದು. ಅದನ್ನು ಓಡಿಸಿದವರು ಮರುಳಪ್ಪನವರಾದರೆ, ಅದು ಓಡುವಂತೆ ಇಟ್ಟವನು ಹೊನ್ನಾಳಿಯ ದಾಸಪ್ಪ. ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಮರಕ್ಕೆ ತಗಡು ಚಾಚಿದರೆ ಅದೇ ಅವನ ಗ್ಯಾರೇಜು. ಮರುಳಪ್ಪನವರ ಮದುವೆಯಾದ ಎಂಬತ್ತೇಳರಿಂದ ಈಚೆಗೆ ಆ ಗಾಡಿಯ ನಟ್ಟಿಗೆ ಬೇರೊಬ್ಬರ ಪಾನಾ ತಾಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೀನು ಎಂದೇ ಕರೆಯುತ್ತಿದ್ದರು.

ದಾಸಪ್ಪನದು ಒಂದು ಪದ್ಧತಿ. ಇಂಜಿನ್ನಿನ ಬಲಗಡೆ ಮುಚ್ಚಳದೊಳಗೆ ಪಾಯಿಂಟ್ ಎನ್ನುವ ಎರಡು ಲೋಹದ ಚುಕ್ಕೆಗಳಿರುತ್ತವೆ. ಅವು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಮಾಡಿದರೆ ಕಾಯಿಲ್ ಎಂಬ ತಂತಿ ಸುತ್ತಿದ ಡಬ್ಬಿಯಿಂದ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಬಿಟ್ಟಾಗ ನಡುವೆ ಇರಬೇಕಾದ ಸಂದು ಚೂರು ಹೆಚ್ಚಾದರೂ ತಪ್ಪು, ಚೂರು ಕಡಿಮೆಯಾದರೂ ತಪ್ಪು. ಅದನ್ನು ಅಳೆಯಲು ಬೇರೆಯವರು ಅಂಗಡಿಯ ಗೇಜು ಇಟ್ಟುಕೊಂಡಿದ್ದರೆ ದಾಸಪ್ಪ ಒಂದು ಕಾಗದದ ತುಂಡು ಇಟ್ಟುಕೊಂಡಿದ್ದ. ಅದು ಮರುಳಪ್ಪನವರದೇ ಲಗ್ನಪತ್ರಿಕೆಯ ಮೂಲೆ. ಅರಿಶಿನ ಹಚ್ಚಿದ ಗುರುತು, ಅದರ ಪಕ್ಕ 'ಚಿ. ಸೌ. ನಿರ್ಮ' ಎಂಬಷ್ಟು ಅಕ್ಷರ. "ಈ ಗಾಡಿಗೆ ಈ ಕಾಗ್ದನೇ ಸರಿ. ಇದ್ಕಿಂತ ದಪ್ಪನೂ ಆಗಲ್ಲ, ತೆಳುನೂ ಆಗಲ್ಲ" ಎಂದು ಅದನ್ನು ಬೀಡಿ ಕಟ್ಟಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಡುತ್ತಿದ್ದ.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ರಾಜ್ಯೋತ್ಸವ ಬಂತು. ಚನ್ನಗಿರಿಯಲ್ಲಿ ಹಳೆಯ ಬೈಕುಗಳ ಮೆರವಣಿಗೆ ಮಾಡುತ್ತೇವೆಂದು ಪ್ರವೀಣ್ ಕುಮಾರ್ ಎಂಬಾತ ಫೋನ್ ಮಾಡಿದ. ಈತ ಫೋನಿನಲ್ಲಿ ವಿಡಿಯೊ ನೋಡುತ್ತ ನೋಡುತ್ತ ಹಳೆ ಬೈಕುಗಳ ಪಂಡಿತನಾದವನು. ಸ್ವಂತಕ್ಕೆ ಓಡಿಸುತ್ತಿದ್ದುದು ಬ್ಯಾಟರಿ ಸ್ಕೂಟರು. "ಒರಿಜಿನಲ್ ಕಂಡೀಷನ್‌ಗೆ ಫಸ್ಟ್ ಪ್ರೈಜ್ ಐತೆ ಸಾರ್" ಎಂದ ಅವನ ಮಾತು ಮರುಳಪ್ಪನವರ ತಲೆಯಲ್ಲಿ ಕೂತುಬಿಟ್ಟಿತು.

ಮೆರವಣಿಗೆಯ ಮುನ್ನಾದಿನ ಅವರು ಬೈಕನ್ನು ಅಡಿಕೆ ಬೇಯಿಸುವ ಕೊಟ್ಟಿಗೆಗೆ ತಂದು, ಸೀಟು ಕಿತ್ತು, ಅಲಂಕಾರಕ್ಕೆ ಕೂತರು. ಕ್ರೋಮಿನ ಭಾಗಕ್ಕೆ ಬೂದಿ ಹಾಕಿ ತಿಕ್ಕಿದರು. ಟ್ಯಾಂಕಿಗೆ ಕೊಬ್ಬರಿ ಎಣ್ಣೆ ಸವರಿದರು. ಸೀಟಿನ ಕೆಳಗೂ ಟ್ಯಾಂಕಿನ ಕೆಳಗೂ ಇದ್ದ ಕಪ್ಪು ಕಪ್ಪು ಸಾಮಾನೆಲ್ಲ ಮಾಸಿ ಬೂದುಬಣ್ಣಕ್ಕೆ ತಿರುಗಿದ್ದು ಅವರ ಕಣ್ಣಿಗೆ ಹಿಡಿಸಲಿಲ್ಲ. ಪಕ್ಕದಲ್ಲೇ ಹಂಡೆಯ ತುಂಬ ಚೊಗರು. ಬ್ರಷ್ಷು ಅದ್ದಿದರು. ಕೊಟ್ಟಿಗೆಯ ಮಬ್ಬಿನಲ್ಲಿ, ಹಬೆಯ ನಡುವೆ, ಕೈಗೆ ಸಿಕ್ಕಿದ ಪ್ರತಿಯೊಂದಕ್ಕೂ ಎರಡೆರಡು ಕೋಟು ಕೊಟ್ಟರು. ಬೆಳಗ್ಗೆ ಬಿಸಿಲಿಗೆ ಒಣಗಿದ ಮೇಲೆ ನೋಡಿದರೆ ಎಲ್ಲವೂ ಬೀಟೆ ಮರದ ಹಾಗೆ ಮಿರಮಿರ ಮಿಂಚುತ್ತಿತ್ತು. ಏನಕ್ಕೆ ಬಳಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಅಗತ್ಯವೂ ಕಂಡಿರಲಿಲ್ಲ.

ಚನ್ನಗಿರಿಗೆ ಬಿಸಿಲಲ್ಲೇ ಹೋದರು. ಗಾಡಿ ಹೂ ಎತ್ತಿದ ಹಾಗೆ ಹೋಯಿತು. ಮೆರವಣಿಗೆಯ ಸಾಲಿನಲ್ಲಿ ನಿಂತು, ಬಾವುಟ ಕಟ್ಟಿ, ಹಳದಿ ಕೆಂಪು ಶಾಲು ಹೊದ್ದು ಕೂತಾಗ ಹತ್ತು ನಿಮಿಷ ತುಂತುರು ಹನಿಯಿತು. ಹನಿ ನಿಂತಿತು, ಡೊಳ್ಳು ಶುರುವಾಯಿತು, ಉಳಿದ ಬೈಕುಗಳೆಲ್ಲ ಹೊರಟವು. ಮರುಳಪ್ಪನವರು ಕಿಕ್ ಹೊಡೆದರು. ಎಜ್ಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಲವತ್ತು ಕಿಕ್ ಆದ ಮೇಲೆ ಶಾಲು ತೆಗೆದು ಬೆವರು ಒರೆಸಿಕೊಂಡರು. ರಸ್ತೆ ಬದಿಯಲ್ಲಿ ನಿಂತ ಶಾಲೆಯ ಮಕ್ಕಳು ಕಿಕ್ಕನ್ನು ಗಟ್ಟಿಯಾಗಿ ಎಣಿಸುತ್ತಿದ್ದರು.

ದಾಸಪ್ಪ ಅಲ್ಲೇ ಇದ್ದ. ತಾನು ಸಾಕಿದ ಗಾಡಿ ಪ್ರೈಜ್ ತಗೊಳ್ಳುವುದನ್ನು ನೋಡಲು ಬಸ್ಸು ಹತ್ತಿ ಬಂದಿದ್ದ. ಜನರನ್ನು ಸರಿಸಿ ಬಂದು ಮಂಡಿಯೂರಿ, ಸೀಟು ತೆಗೆದು, ಟ್ಯಾಂಕಿನ ಕೆಳಗೆ ಬೆರಳಾಡಿಸಿದ. ಬೆರಳನ್ನು ಮೂಗಿಗೆ ಹಿಡಿದ. ಹುಬ್ಬೇರಿಸಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪ್ರವೀಣ್ ಕುಮಾರ್ ಫೋನಿನ ಟಾರ್ಚು ಹಾಕಿಕೊಂಡು ನಡುವೆ ತಲೆ ತೂರಿಸಿದ.

"ಸಾರ್, ಇದು ಒರಿಜಿನಲ್ ಕಾಯಿಲ್ ಅಲ್ಲ. ಒರಿಜಿನಲ್ ಕರ್ರಗೆ ಇರ್ತೈತೆ. ಇದು ನೋಡ್ರಿ, ಕಂದು ಬಣ್ಣ. ಹೊಸದು. ಯಾರೋ ಬದಲಾಯಿಸ್ಯಾರೆ."

ಮರುಳಪ್ಪನವರು ಕಾಯಿಲ್ ಎಂದರೆ ಯಾವುದೆಂದು ತಿಳಿದು ನೋಡಿದ್ದು ಅದೇ ಮೊದಲು. ಕಂದು ಬಣ್ಣದ್ದು ಹೌದು, ಹೊಸದರಂತೆ ಹೊಳೆಯುತ್ತಿದ್ದದ್ದೂ ಹೌದು. ಸುತ್ತ ನೂರು ಜನ, ಎದುರಿಗೆ ಎಣಿಸುವ ಮಕ್ಕಳು, ಮೈಮೇಲೆ ಒದ್ದೆ ಶಾಲು. ಕುಣಿಯಲಾರದವಳಿಗೆ ನೆಲವೇ ಡೊಂಕಾಗಬೇಕಲ್ಲ, ಅವರಿಗೆ ಆ ಹೊತ್ತಿನಲ್ಲಿ ಒಬ್ಬ ಕಳ್ಳ ಬೇಕಿತ್ತು. ಕೈಯಳತೆಯಲ್ಲಿ ಇದ್ದವನು ದಾಸಪ್ಪ.

"ಮೂವತ್ತಾರು ವರ್ಷ ನಿನ್ನ ನಂಬಿದ್ನಲ್ಲೋ ದಾಸ. ನನ್ನ ಕಾಯಿಲ್ ಯಾರಿಗೆ ಮಾರ್ದೆ?"

ದಾಸಪ್ಪ ತೆರೆದ ಬಾಯಿ ಮುಚ್ಚಿದ. ಬೆರಳನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡ. ಹಾಗೆ ಒರೆಸಿಕೊಳ್ಳಲು ಬಹಳ ಹೊತ್ತು ತಗೊಂಡ.

"ನಾನು ಮುಟ್ಟಿಲ್ಲ" ಎಂದ.

"ಹಂಗಾದ್ರೆ ನಮ್ಮೂರ ಬಸವಣ್ಣನ ಮುಂದೆ ಕರ್ಪೂರ ಆರ್ಸಿ ಹೇಳು."

ಇದು ಸಣ್ಣ ಮಾತಲ್ಲ. ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರಿನ ಬಸವಣ್ಣನ ಗುಡಿಯಲ್ಲಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಿದವನ ಮಾತನ್ನು ಆಮೇಲೆ ಯಾರೂ ಎತ್ತುವಂತಿಲ್ಲ. ಅದರ ಜೊತೆಗೆ ಇನ್ನೊಂದು ಕಟ್ಟಳೆ ಉಂಟು. ಆಣೆ ಮಾಡಿದವನೂ ಮಾಡಿಸಿದವನೂ ಬದುಕಿರುವ ತನಕ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುವಂತಿಲ್ಲ. ಹಾಗಾಗಿ ದಾಯಾದಿಗಳ ಜಗಳದಲ್ಲಿ ಕೂಡ ಜನ ಆಣೆಯ ಮಾತೆತ್ತಲು ಹತ್ತು ಸಲ ಯೋಚಿಸುತ್ತಾರೆ. ಮರುಳಪ್ಪನವರು ಒಂದು ಸಲವೂ ಯೋಚಿಸಲಿಲ್ಲ.

"ಅಮಾಸೆ ಕಳೆದ ಸೋಮವಾರ ಬರ್ತೀನಿ. ಆಣೆ ಮಾಡ್ತೀನಿ" ಎಂದ ದಾಸಪ್ಪ. "ಅದಾದ ಮ್ಯಾಲೆ ನಿನ್ನ ಗಾಡಿಗೆ ನಾನು ಕೈ ಹಾಕಲ್ಲ."

ಮಾತು ಬೈಕಿಗಿಂತ ಬೇಗ ಹೊನ್ನಾಳಿ ಮುಟ್ಟಿತು. ಗೋವಿನಕೋವಿಯ ಗಾದ್ರಪ್ಪ ರಿಪೇರಿಗೆ ಬಿಟ್ಟಿದ್ದ ಮೊಪೆಡ್ಡನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಗೋಣಿಚೀಲಕ್ಕೆ ತುಂಬಿಸಿಕೊಂಡು ಹೋದ. ಬೇವಿನ ಮರದ ಕೆಳಗೆ ಗಾಡಿ ತರುವವರು, ತಂದರೂ ಪಕ್ಕದಲ್ಲೇ ನಿಂತು ಪ್ರತಿಯೊಂದು ನಟ್ಟನ್ನೂ ಕಣ್ಣಿಟ್ಟು ಕಾಯತೊಡಗಿದರು. ದಾಸಪ್ಪನ ಗ್ಯಾರೇಜಿನಲ್ಲಿ ಇದ್ದ ಬಂಡವಾಳವೆಂದರೆ ಎರಡು ಪಾನಾ ಮತ್ತು ಒಂದು ಹೆಸರು. ಈಗ ಪಾನಾ ಮಾತ್ರ ಉಳಿದವು.

ಇತ್ತ ಮರುಳಪ್ಪನವರು ಗಾಡಿಯನ್ನು ಮತ್ತೆ ಕೊಟ್ಟಿಗೆಯಲ್ಲೇ ನಿಲ್ಲಿಸಿ ಹೊಸ ಮೆಕ್ಯಾನಿಕ್ಕುಗಳನ್ನು ಕರೆಸಿದರು. ಮೊದಲು ಬಂದವನು ಪ್ಲಗ್ ಬದಲಾಯಿಸಿದ. ಎರಡನೆಯವನು ಬ್ಯಾಟರಿ ಎಂದ. ಮೂರನೆಯವನು ಕಂಡೆನ್ಸರ್ ಸತ್ತಿದೆ ಎಂದು ಸೂತಕದ ಮುಖ ಮಾಡಿ ಹೇಳಿದ. ಎಲ್ಲರೂ ಮಧ್ಯಾಹ್ನ ಬಂದು, ಬೈಕನ್ನು ಅಂಗಳದ ಬಿಸಿಲಿಗೆ ತಳ್ಳಿ ಬಿಚ್ಚುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಗಾಡಿ ಹೊತ್ತಿಕೊಳ್ಳುತ್ತಿತ್ತು. ಅವರು ಮೀಸೆ ತಿರುವಿಕೊಂಡು ಹೋಗುತ್ತಿದ್ದರು. ಸಂಜೆ ಬೈಕು ಕೊಟ್ಟಿಗೆಗೆ, ಹಂಡೆಯ ಹಬೆಯ ಪಕ್ಕಕ್ಕೆ. ಬೆಳಗಾದರೆ ಮತ್ತೆ ಹೆಣ. ಯಾಕೆ ಹೀಗೆ ಎಂದು ಮರುಳಪ್ಪನವರು ಯೋಚಿಸಲೇ ಇಲ್ಲ. ಅವರ ಬಳಿ ಆಗಲೇ ಉತ್ತರವಿತ್ತು, ಡೂಪ್ಲಿಕೇಟ್ ಕಾಯಿಲ್. ಉತ್ತರ ಕೈಯಲ್ಲಿ ಇರುವವನಿಗೆ ಪ್ರಶ್ನೆಯ ಹಂಗೇಕೆ.

"ಒಂದು ಸಲ ದಾಸಣ್ಣನ್ನೇ ಕೇಳ್ರಿ" ಎಂದರು ನಿರ್ಮಲಮ್ಮ.

"ಕಳ್ಳನ್ನ ಕೇಳಿ ಕಳ್ಳನ್ನ ಹಿಡಿತಾರೇನೆ?"

"ಹೋಗ್ಲಿ, ಶನಿವಾರ ಸೊಕ್ಕೆಗೆ ಅಣ್ಣನ ಮನಿಗೆ ಹೋಗ್ಬೇಕಲ್ಲ. ಗಾಡಿನೂ ಹೇರ್ಕೊಂಡು ನಡೀರಿ. ದಾರಿ ಮ್ಯಾಲೆ ಜಗಳೂರಾಗೆ ಗೋಣೆಪ್ಪನ ಅಂಗ್ಡಿ ಐತೆ. ಹಳೆ ಕಾಯಿಲ್ ಇದ್ರೂ ಇರ್ಬೋದು."

ಒರಿಜಿನಲ್ ಕಾಯಿಲ್ ಸಿಕ್ಕರೆ ಸೋಮವಾರ ಗುಡಿಯ ಮುಂದೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು. ಈ ಯೋಚನೆ ಮರುಳಪ್ಪನವರಿಗೆ ಭಾರಿ ಹಿಡಿಸಿತು. ಎಜ್ಡಿಯನ್ನು ಲಗೇಜ್ ಆಟೋಕ್ಕೆ ಹಗ್ಗ ಬಿಗಿದು ಕಟ್ಟಿ, ಶನಿವಾರ ಬೆಳಗ್ಗೆ ಗಂಡಹೆಂಡಿರು ಡ್ರೈವರನ ಪಕ್ಕ ಕೂತು ಹೊರಟರು.

ಜಗಳೂರಿನ ಗೋಣೆಪ್ಪನದು ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಹೆಸರು ಗೋಣೆಪ್ಪನದು, ಸುತ್ತುವವಳು ಹೆಂಡತಿ ಹುಲಿಗೆಮ್ಮ. ಸುತ್ತಿನ ಲೆಕ್ಕ ತಪ್ಪಬಾರದೆಂದು ಬಾಯಿತುಂಬ ಎಲೆ ಅಡಿಕೆ ತುಂಬಿಕೊಂಡು ಯಾರೊಂದಿಗೂ ಮಾತಾಡದೆ ತಾಮ್ರದ ತಂತಿ ಸುತ್ತುತ್ತ ಕೂತಿರುತ್ತಿದ್ದಳು. ನಿರ್ಮಲಮ್ಮನ ಅಣ್ಣನ ಹೊಲದ ಮೋಟರು ಸುಟ್ಟಾಗಲೆಲ್ಲ ಬರುತ್ತಿದ್ದುದು ಇವಳ ಕೈಗೇ.

ನೂರು ಕಿಲೋಮೀಟರು ಒಣಗಾಳಿಯಲ್ಲಿ ಬಂದ ಎಜ್ಡಿಯನ್ನು ಆಟೋದಿಂದ ಇಳಿಸಿದರು. ಸುಡುವ ಬಿಸಿಲು. ಮರುಳಪ್ಪನವರು ದಾಸಪ್ಪನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗೋಣೆಪ್ಪ ತಾಳ್ಮೆಯಿಂದ ಕೇಳಿ, ಸುಮ್ಮನೆ ಒಂದು ಕಿಕ್ ಹೊಡೆದ. ಗಾಡಿ ಡುರ್ರೆಂದು ಹೊತ್ತಿಕೊಂಡು, ನೀಲಿ ಹೊಗೆ ಬಿಟ್ಟು, ಹೊಸ ಮದುಮಗನ ಹಾಗೆ ನಿಂತಿತು.

"ಗಾಡಿ ಚೆನ್ನಾಗೇ ಐತಲ್ರೀ" ಎಂದ ಗೋಣೆಪ್ಪ.

ಮರುಳಪ್ಪನವರಿಗೆ ಗಾಡಿ ಕೆಟ್ಟಾಗ ಆದದ್ದಕ್ಕಿಂತ ಹೆಚ್ಚು ಅವಮಾನವಾಯಿತು. "ಅದು ಇಲ್ಲಿ ಹತ್ತೈತೆ. ನಮ್ಮೂರಾಗೆ ಹತ್ತಲ್ಲ" ಎಂದರು. ಆಡಿದ ಮೇಲೆ ಆ ಮಾತು ಅವರಿಗೇ ಮೂರ್ಖತನವಾಗಿ ಕೇಳಿಸಿತು.

ಹುಲಿಗೆಮ್ಮ ಸುತ್ತುವುದನ್ನು ನಿಲ್ಲಿಸಿ ಎದ್ದು ಬಂದಳು. ಸೀಟು ತೆಗೆಸಿ ಒಳಗೆ ಬಗ್ಗಿ ನೋಡಿದಳು. ಬಾಯಿಯ ರಸವನ್ನು ರಸ್ತೆ ಬದಿಗೆ ಉಗಿದು ಬಂದು ಕೇಳಿದಳು. "ಕಾಯಿಲ್‌ಗೆ ಯಾವ ವಾರ್ನಿಷ್ ಹೊಡ್ಸೀರಿ?"

"ನಾನೇನೂ ಹೊಡ್ಸಿಲ್ಲ. ಅದು ಡೂಪ್ಲಿಕೇಟ್. ಬಂದಿದ್ದೇ ಹಂಗೆ."

ಅವಳು ಉಗುರಿನಿಂದ ಕಾಯಿಲ್‌ನ ಮೈ ಕೆರೆದಳು. ಉಗುರಿನ ಸಂದಿಗೆ ಬಂದ ಕಂದು ಪುಡಿಯನ್ನು ನಾಲಿಗೆಯ ತುದಿಗೆ ಇಟ್ಟುಕೊಂಡಳು. ಮರುಳಪ್ಪನವರು ಹಾಂ ಹಾಂ ಎನ್ನುವಷ್ಟರಲ್ಲಿ ಅವಳ ಮುಖ ಒಗರಿಗೆ ಕಿವುಚಿತು.

"ಇದು ವಾರ್ನಿಷ್ ಅಲ್ಲ. ಅಡಿಕಿ ಚೊಗರು" ಎಂದಳು. "ದಿನಾ ಬಾಯಾಗೆ ಇಟ್ಕಂಡು ಕೂರ್ತೀನಿ, ನನಗ ಗೊತ್ತಾಗಲ್ವಾ?"

ನಿರ್ಮಲಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಮರುಳಪ್ಪನವರು ನಿಧಾನವಾಗಿ ಆಟೋದ ಕಡೆ ತಿರುಗಿದರು.

ಹುಲಿಗೆಮ್ಮ ಮೋಟರಿನವಳು. ಬಾಯಿಮಾತಿಗೆ ಬಿಡುವವಳಲ್ಲ. ಬೈಕನ್ನು ಅಂಗಡಿಯೊಳಗೆ ತಳ್ಳಿಸಿ, ಒದ್ದೆ ಬಟ್ಟೆಯಿಂದ ಕಾಯಿಲ್‌ನ ಮೈ ಒಮ್ಮೆ ಸವರಿ, ಷಟರ್ ಪೂರ್ತಿ ಎಳೆಸಿದಳು. ಒಳಗೆ ಹಗಲಲ್ಲೇ ಕತ್ತಲಾಯಿತು. "ಈಗ ಹೊಡೀರಿ" ಎಂದಳು. ಗೋಣೆಪ್ಪ ಕಿಕ್ ಹೊಡೆದ. ಗಾಡಿ ಹತ್ತಲಿಲ್ಲ. ಪ್ರತಿ ಕಿಕ್ಕಿಗೂ ಕಾಯಿಲ್‌ನ ಮೈಮೇಲೆ ನೀಲಿ ಕಿಡಿಗಳು ಎರೆಹುಳದ ಹಾಗೆ ಹರಿದಾಡಿ ಚಾಸಿಯ ಕಬ್ಬಿಣಕ್ಕೆ ಇಳಿದುಹೋದವು. ಪ್ಲಗ್ಗಿಗೆ ಒಂದೂ ಹೋಗಲಿಲ್ಲ.

"ಒಣಗಿದ್ರೆ ಸುಮ್ಕಿರ್ತೈತೆ. ತೇವ ಕುಡಿದ್ರೆ ಕರೆಂಟಿಗೆ ದಾರಿ ಬಿಡ್ತೈತೆ" ಎಂದಳು ಕತ್ತಲಲ್ಲಿ. "ಗಾಡಿ ಎಲ್ಲಿ ನಿಲ್ಲಿಸ್ತೀರಿ ಮನಿಯಾಗೆ?"

"ಅಡಿಕೆ ಹಂಡೆ ಪಕ್ಕ" ಎಂದರು ನಿರ್ಮಲಮ್ಮ.

ಷಟರ್ ಎತ್ತಿದ ಮೇಲೆ ಅವಳು ಬಿಸಿನೀರು, ಚಿಂದಿ ಬಟ್ಟೆ ತಂದು ಉಜ್ಜಿದಳು. ಚೊಗರು ಕರಗಿ ಕೆಂಪು ನೀರಾಗಿ ಇಳಿಯಿತು. ಕೆಳಗಿನಿಂದ ಕಾಯಿಲ್ ಎದ್ದು ಬಂತು. ಕರ್ರಗೆ, ಹಳತಾಗಿ, ಅಪ್ಪಟ ಒರಿಜಿನಲ್ ಆಗಿ. ಅದರ ಪಕ್ಕದಲ್ಲಿ ಮೊಳೆಯಿಂದ ಗೀರಿದ ಅಕ್ಷರ. "ದಾ, ಎಂಬತ್ತೇಳು" ಎಂದು ಓದಿದಳು ಹುಲಿಗೆಮ್ಮ. "ದಾ ಅಂದ್ರೆ ಯಾರ್ರೀ?"

ಮರುಳಪ್ಪನವರು ಬಗ್ಗಿ ಸೀಟು ಕೂರಿಸತೊಡಗಿದರು.

ಆ ರಾತ್ರಿ ಸೊಕ್ಕೆಯಲ್ಲಿ ಕಳೆದು, ಭಾನುವಾರ ಗಂಡಹೆಂಡಿರು ಅದೇ ಬೈಕಿನಲ್ಲಿ ನ್ಯಾಮತಿಗೆ ಹೊರಟರು. ಗಾಡಿ ಒಂದು ಕಡೆಯೂ ನಿಲ್ಲಲಿಲ್ಲ. ನಿಂತಿದ್ದರೆ ಒಳ್ಳೆಯದಿತ್ತೇನೋ, ಮರುಳಪ್ಪನವರಿಗೆ ದಾರಿಯುದ್ದಕ್ಕೂ ಯೋಚಿಸಲು ಬಿಡುವು ಸಿಕ್ಕಿತು. ಅವರು ಯೋಚಿಸಿದ್ದು ಪಶ್ಚಾತ್ತಾಪದ ಬಗ್ಗೆ ಎಂದು ತಿಳಿದರೆ ಅದು ನಿಮ್ಮ ಒಳ್ಳೆಯತನ. ಅವರು ಯೋಚಿಸಿದ್ದು ಚೊಗರಿನ ಹೆಸರೆತ್ತದೆ ಸೋಮವಾರ ದಾಟುವುದು ಹೇಗೆ ಎಂದು. ಹೊನ್ನಾಳಿ ಸೇತುವೆ ದಾಟುವ ಹೊತ್ತಿಗೆ ಉಪಾಯ ಹೊಳೆಯಿತು. ದಾಸಪ್ಪನನ್ನು ಕ್ಷಮಿಸಿಬಿಡುವುದು.

"ಹೋಗ್ಲಿ ಬಿಡು, ಹಳೆ ಸ್ನೇಹ ಅಂತೀನಿ. ಆಣೆ ಗೀಣೆ ಬ್ಯಾಡ ಅಂತೀನಿ. ದೊಡ್ಡೋರಾಗಿ ನಡ್ಕಂಡ್ರು ಅಂತಾರೆ ಜನ" ಎಂದು ಹಿಂದಕ್ಕೆ ಕೂಗಿ ಹೇಳಿದರು.

ಹಿಂದಿನ ಸೀಟಿನಿಂದ ನಿರ್ಮಲಮ್ಮ ಹೇಳಿದರು. "ಮಂಗ ಮೊಸರು ತಿಂದು ಮೇಕೆ ಬಾಯಿಗೆ ಒರಸ್ತಂತೆ. ಒರಸಿದ್ದಲ್ದೆ, ಮೇಕೆನ ಕ್ಷಮಿಸಿದ್ದನ್ನ ನಾನು ಇವತ್ತೇ ಕೇಳಿದ್ದು."

ಸೋಮವಾರ ಬೆಳಗ್ಗೆ ಬಸವಣ್ಣನ ಗುಡಿಯ ಮುಂದೆ ಜನ ಸೇರಿದ್ದರು. ನ್ಯಾಮತಿ ತಾಲ್ಲೂಕು ಆದ ದಿನ ಕೂಡ ಇಷ್ಟು ಜನ ಸೇರಿರಲಿಲ್ಲ ಎಂದು ಹೋಟೆಲಿನ ಜುಂಜಪ್ಪ ಇಡ್ಲಿ ಕೊಡುತ್ತ ಹೇಳಿದ. ಚನ್ನಗಿರಿಯಿಂದ ಪ್ರವೀಣ್ ಕುಮಾರ್ ವಿಡಿಯೊ ತೆಗೆಯಲು ಬಂದಿದ್ದ. ಗಾದ್ರಪ್ಪ ಗೋವಿನಕೋವಿಯಿಂದ ಬಂದಿದ್ದ. ಮರುಳಪ್ಪನವರು ಒಂದೇ ಕಿಕ್ಕಿಗೆ ಎಜ್ಡಿ ಹೊತ್ತಿಸಿ, ನಿರ್ಮಲಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದು, ಎಲ್ಲರಿಗೂ ಕಾಣುವಂತೆ, ಇಂಜಿನ್ನು ಆರಿಸದೆಯೇ ಗುಡಿಯ ಮುಂದೆ ನಿಲ್ಲಿಸಿದರು.

ಹೊನ್ನಾಳಿ ಬಸ್ಸಿನಿಂದ ದಾಸಪ್ಪ ಇಳಿದ. ತಲೆಗೆ ಸ್ನಾನ ಮಾಡಿದ್ದ. ಗ್ರೀಸಿನ ಅಂಗಿ ಬಿಟ್ಟು ಬೇರೆ ಅಂಗಿಯಲ್ಲಿ ಅವನನ್ನು ಮರುಳಪ್ಪನವರು ನೋಡಿದ್ದು ತಮ್ಮ ಮಗನ ಮದುವೆಯಲ್ಲಿ ಮಾತ್ರ. ಅವನು ಉಟ್ಟಿದ್ದು ಆ ಮದುವೆಯಲ್ಲಿ ತಾವೇ ಉಡುಗೊರೆ ಕೊಟ್ಟ ಪಂಚೆಯೇ ಎಂದು ಗುರುತು ಹತ್ತಿತು. ಅದನ್ನು ನೋಡಬಾರದಿತ್ತು ಅನ್ನಿಸಿತು ಅವರಿಗೆ.

"ದಾಸ, ಗಾಡಿ ಸರಿಹೋತು. ಹೋಗ್ಲಿ ಬಿಡು. ಹಳೆದೆಲ್ಲ ಮರ್ತೀನಿ. ಆಣೆ ಬ್ಯಾಡ" ಎಂದರು, ಹಿಂದಿನ ಸಾಲಿಗೂ ಕೇಳಿಸುವ ಹಾಗೆ.

ಜನ ತಲೆದೂಗಿದರು. ಯಾರೋ "ದೊಡ್ಡ ಮನಸು" ಎಂದರು. ಉಪಾಯ ಫಲಿಸುತ್ತಿತ್ತು.

ದಾಸಪ್ಪ ಮಾತ್ರ ಕದಲಲಿಲ್ಲ. "ನೀನು ಮರ್ತ್ರೆ ನಾನು ಕಳ್ಳ ಅಲ್ಲ ಅಂತಾಗಲ್ಲ ಮರುಳಣ್ಣ. ನಾನು ಬಂದಿದ್ದು ಆಣೆ ಮಾಡಾಕೆ. ಅಯ್ಯನೋರೇ, ಕರ್ಪೂರ ಹಚ್ರಿ."

ಗುಡಿಯ ಪೂಜೆ ಮಾಡುವ ಅಯ್ಯನವರು ಹಚ್ಚಿದರು. ಸಣ್ಣ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಉರಿಯಿತು. ದಾಸಪ್ಪ ಅಂಗಿಯ ಬಲದೋಳು ಮೇಲಕ್ಕೆ ಮಡಚಿದ. ಮರುಳಪ್ಪನವರಿಗೆ ಆ ಕೈ ಚೆನ್ನಾಗಿ ಗೊತ್ತಿತ್ತು. ಮಣಿಕಟ್ಟಿನ ಮೇಲಿನ ಸುಟ್ಟ ಕಲೆ ಇದೇ ಎಜ್ಡಿಯ ಸೈಲೆನ್ಸರಿನದು. ಮಗ ಬಸವರಾಜ್ ಹುಟ್ಟಿದ ದಿನ ನಿರ್ಮಲಮ್ಮನನ್ನು ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿ ಗಾಡಿ ನಿಂತಾಗ ಓಡಿಬಂದು, ಸುಡುವ ಸೈಲೆನ್ಸರನ್ನೂ ಲೆಕ್ಕಿಸದೆ ಮುಚ್ಚಳ ಬಿಚ್ಚಿ ಕಿಡಿ ಬರಿಸಿದ ಕೈ ಅದು. ಅದು ಬೆಂಕಿಯ ಮೇಲೆ ಇಳಿಯುತ್ತಿತ್ತು, ಸುಳ್ಳಾಡದವನು ಸುಳ್ಳಾಡಿಲ್ಲವೆಂದು ತೋರಿಸುವುದಕ್ಕೆ. ಮರುಳಪ್ಪನವರು ಎರಡು ಹೆಜ್ಜೆ ನುಗ್ಗಿ ಆ ಕೈಯನ್ನು ಹಿಡಿದುಕೊಂಡರು.

"ನಾನೇ ಕಣೋ" ಎಂದರು. ದನಿ ಹಿಂದಿನ ಸಾಲಿಗೆ ಹೋಗಲಿಲ್ಲ.

"ಏನಂದ್ರಿ?" ಎಂದ ಪ್ರವೀಣ್ ಕುಮಾರ್, ಫೋನು ಹತ್ತಿರ ಹಿಡಿದು.

"ಕಾಯಿಲ್ ಒರಿಜಿನಲ್ಲೇ. ನಾನೇ ಅದಕ್ಕೆ ಚೊಗರು ಬಳ್ದಿದ್ದೆ. ಅದಕ್ಕೆ ಕಂದು ಕಾಣ್ತಿತ್ತು, ಅದಕ್ಕೇ ನಿಂತಿತ್ತು. ದಾಸ ಏನೂ ಮುಟ್ಟಿಲ್ಲ."

ಜುಂಜಪ್ಪ ಮೊದಲು ನಕ್ಕ. ನಗು ಗುಡಿಯ ಕಟ್ಟೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಕಾಯುತ್ತ ಕೂತವರಿಗೂ ಕಾರಣ ತಿಳಿದು ತಿರುಗಿ ಬಂತು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಇದೇ ನೋಡ್ರಪ್ಪ" ಎಂದ ಯಾರೋ ಹಿರಿಯ. ಪ್ರವೀಣ್ ಕುಮಾರ್ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಗಾದ್ರಪ್ಪ ತನ್ನ ಗೋಣಿಚೀಲದ ಮೊಪೆಡ್ಡನ್ನು ನೆನೆದು ದಾಸಪ್ಪನ ಕಣ್ಣು ತಪ್ಪಿಸಿದ.

ದಾಸಪ್ಪ ನಗಲಿಲ್ಲ. ಕೈ ಬಿಡಿಸಿಕೊಂಡು ಅಂಗಿಯ ತೋಳು ಕೆಳಗೆ ಎಳೆದುಕೊಂಡ.

"ನನಗೆ ಗೊತ್ತಿತ್ತು" ಎಂದ. "ಚನ್ನಗಿರಿಯಾಗೆ ಬೆರಳಿಗೆ ವಾಸನೆ ಹತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲೋ?"

"ಗಾಡಿಗೆ ಏನಾಗೈತೆ ಅಂತ ನೀನು ಕೇಳಿದ್ಯಾ? ಯಾರಿಗೆ ಮಾರ್ದೆ ಅಂತ ಕೇಳ್ದೆ. ಕೇಳಿದ್ದಕ್ಕೆ ಜವಾಬು ಹೇಳಾಕೆ ಬಂದಿದ್ದೆ."

ಎಜ್ಡಿಯ ಇಂಜಿನ್ನು ಇನ್ನೂ ಓಡುತ್ತಲೇ ಇತ್ತು. ದಾಸಪ್ಪ ತನಗರಿವಿಲ್ಲದೆ ಅದರ ಕಡೆ ಕಿವಿ ಕೊಟ್ಟ. ಮುಖ ಗಂಟಿಕ್ಕಿತು. "ಯಾವನೋ ಪಾಯಿಂಟ್ ಕೆದಕ್ಯಾನೆ. ಸಂದು ಜಾಸ್ತಿ ಐತೆ" ಎಂದ. ಎರಡು ಹೆಜ್ಜೆ ಇಟ್ಟವನು ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನೋಡೋ ಒಂದೀಟು" ಎಂದರು ಮರುಳಪ್ಪನವರು. ಅದು ಹೆಚ್ಚುಕಡಿಮೆ ಬೇಡುವ ದನಿಯಾಗಿತ್ತು.

"ಕೈ ಹಾಕಲ್ಲ ಅಂದೀನಿ. ಆಣೆ ಆಗ್ದಿದ್ರೂ ಕರ್ಪೂರ ಉರ್ದೈತೆ."

ಅವನು ಒಳಜೇಬಿಗೆ ಕೈ ಹಾಕಿ ಬೀಡಿ ಕಟ್ಟಿನ ಪ್ಲಾಸ್ಟಿಕ್ ಚೀಲ ತೆಗೆದ. ಅದರೊಳಗಿನ ಕಾಗದದ ತುಂಡನ್ನು ಮರುಳಪ್ಪನವರ ಅಂಗೈ ಮೇಲೆ ಇಟ್ಟ. "ಮುಚ್ಚಳ ಬಿಚ್ಚಿ, ಸಂದಿನಾಗೆ ಇದನ್ನ ಇಟ್ಟು ಬಿಗಿ ಮಾಡು. ಎಳೆದ್ರೆ ಬರ್ಬೇಕು, ಬಿಟ್ರೆ ಬೀಳ್ಬಾರ್ದು. ಇನ್ಮ್ಯಾಲೆ ನೀನೇ ಮಾಡ್ಕ."

ಹೊನ್ನಾಳಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ದಾಸಪ್ಪ ಪಂಚೆ ಎತ್ತಿ ಹಿಡಿದು ಹತ್ತಿ ಕಿಟಕಿಯ ಪಕ್ಕ ಕೂತ. ಮರುಳಪ್ಪನವರು ಅರವತ್ತೈದರ ಮೈಯನ್ನು ಎತ್ತಿಕೊಂಡು ಓಡಿದರು. ಕಿಟಕಿಯೊಳಗೆ ಆ ತುಂಡನ್ನು ಚಾಚಿದರು. "ಇದು ನಿನ್ನತ್ರನೇ ಇರ್ಲಿ. ನಾನು ಕಳ್ದಾಕ್ತೀನಿ. ಇಟ್ಕಳೋ ದಾಸ."

ದಾಸಪ್ಪ ಮುಂದೆ ನೋಡುತ್ತ ಕೂತಿದ್ದ. "ನಿಂದೇ ಅಲ್ವಾ ಅದು" ಎಂದ. ಬಸ್ಸು ಹೊರಟಿತು.

ಅವರು ಹಿಂದಿರುಗಿ ಬರುವಷ್ಟರಲ್ಲಿ ಜನ ಕರಗಿದ್ದರು. ಎಜ್ಡಿ ಕೆಮ್ಮಿ ಕೆಮ್ಮಿ ತಾನೇ ನಿಂತಿತ್ತು. ನಿರ್ಮಲಮ್ಮ ಗಂಡನ ಕೈಯಿಂದ ಕಾಗದ ಈಸಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಅರಿಶಿನದ ಗುರುತನ್ನೂ ತಮ್ಮದೇ ಅರ್ಧ ಹೆಸರನ್ನೂ ನೋಡಿದರು. ಅವರು ಬೈಯುತ್ತಾರೆಂದು ಮರುಳಪ್ಪನವರು ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೂವತ್ತಾರು ವರ್ಷ ಎದಿ ಮ್ಯಾಲಿನ ಜೇಬಿನಾಗೆ ಇಟ್ಕಂಡಿದ್ದ" ಎಂದರು ನಿರ್ಮಲಮ್ಮ. "ನಮ್ಮ ಲಗ್ನಪತ್ರಿಕೆ ಮನಿಯಾಗೆ ಒಂದಾದ್ರೂ ಐತೇನ್ರೀ?"

ಮರುಳಪ್ಪನವರು ನೆನಪು ಮಾಡಿಕೊಂಡರು. ಮನೆಯಲ್ಲಿ ಒಂದೂ ಇರಲಿಲ್ಲ.